ಸುದ್ದಿ ಬರುವ ಮೊದಲೇ ಕೊಯ್ದ ಮೊಗ್ಗು

ಮೊನ್ನೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಭಟ್ಕಳದ ಪಕ್ಕದ ಜಾಲಿಯಿಂದ ದಿನಾ ಕುಮಟೆಗೆ ಓಡಾಡುವ ಸಹೋದ್ಯೋಗಿಯೊಬ್ಬರು ಬಾಳೆಲೆಯ ಪೊಟ್ಟಣವೊಂದನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಬಿಚ್ಚಿ ನೋಡಬೇಕಾಗಿಯೇ ಇರಲಿಲ್ಲ. ಭಟ್ಕಳ ಮಲ್ಲಿಗೆ. ಒದ್ದೆ ಬಾಳೆನಾರಿನ ವಾಸನೆಯೂ ಅದರೊಳಗೆ ಸೇರಿಕೊಂಡಿತ್ತು.

ನಾನು ಆಗ ಮಕ್ಕಳಿಗಾಗಿ ಒಂದು ಭಾಷಣ ಬರೆಯುತ್ತ ಕೂತಿದ್ದೆ. ವಿಷಯ ನಾನೇ ಆರಿಸಿದ್ದು, ಸ್ಟೋಯಿಕ್ ತತ್ವ. ಗ್ರೀಸಿನಲ್ಲಿ, ರೋಮಿನಲ್ಲಿ ಬಹಳ ಹಿಂದೆ ಇದ್ದ ಜ್ಞಾನಿಗಳ ಮಾತು. ನಿನ್ನ ಕೈಲಿರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರೆ ಮಾಡಿಕೊ, ಕೈಲಿಲ್ಲದ್ದಕ್ಕೆ ಎದೆ ಬಡಿದುಕೊಳ್ಳಬೇಡ, ಕೈಲಿರುವುದನ್ನು ಸರಿಯಾಗಿ ಮಾಡು. ಇದನ್ನು ಪುಸ್ತಕದಲ್ಲಿ ಓದುವ ಮೊದಲೇ ಕಣ್ಣಾರೆ ಕಂಡವಳು ನಾನು ಎಂಬ ಜಂಬ ನನಗಿತ್ತು. ಉದಾಹರಣೆಗೆ ಶಿರಾಲಿಯ ನಮ್ಮ ಪಕ್ಕದ ಮನೆಯ ಚಿಕ್ಕಿಯನ್ನು, ಅವಳೇ ಒಮ್ಮೆ ಹೇಳಿದ್ದನ್ನು ಬದಿಗಿಟ್ಟು, ಬರೆದುಕೊಂಡೂ ಆಗಿತ್ತು. ಹೂವಿನ ವಾಸನೆ ಬಂದದ್ದೇ... ಪೆನ್ನು ಅಲ್ಲೇ ನಿಂತಿತು.

ಚಿಕ್ಕಿ ಎಂದರೆ ರಕ್ತಸಂಬಂಧ ಏನೂ ಇರಲಿಲ್ಲ. ಬೇಲಿಯಾಚೆಯ ಮನೆ, ಅಷ್ಟೇ. ಅವಳ ಗಂಡ, ನನಗೆ ಚಿಕ್ಕಪ್ಪ, ಮೀನಿನ ಬೋಟಿಗೆ ಹೋಗುತ್ತಿದ್ದರು. ಇವಳದು ಅಂಗಳದ ಮಲ್ಲಿಗೆ ಗಿಡಗಳು. ಬಿಸಿಲೇರುವ ಮೊದಲು ಮೊಗ್ಗು ಕೊಯ್ದು, ಜಗಲಿಯಲ್ಲಿ ಕಾಲು ಚಾಚಿ ಕೂತು ಬಾಳೆನಾರಿನಲ್ಲಿ ಕಟ್ಟಿ, ಪೊಟ್ಟಣ ಮಾಡಿ ಹೈವೇಗೆ ಹೋಗಿ ಪೇಟೆಗೆ ಹೋಗುವ ಬಸ್ಸಿಗೆ ಕೊಡಬೇಕು. ಆ ದಿನದ ದರ ಎಷ್ಟೆಂದು ಗೊತ್ತಾಗುವುದು ಹೂ ಹೋದ ಮೇಲೆ. ಉಳಿದ ಹೆಂಗಸರು ದಿನಾ ದರಕ್ಕೆ ಬೈಯುತ್ತಿದ್ದರು. ಚಿಕ್ಕಿ ಮಾತ್ರ, "ನಾ ಬೈದ್ರೆ ಏರ್ತದಾ? ಕೈ ಓಡ್ಸು ಮಾರಾಯ್ತಿ, ಬಸ್ಸು ನಿನ್ನ ಮಾವನ ಮನೇದಲ್ಲ" ಎನ್ನುತ್ತಿದ್ದಳು. ಪ್ರತಿ ಮಾಲೆಯ ಕೊನೆಗೆ ನಾರನ್ನು ಬೆರಳುದ್ದ ಹಾಗೇ ಬಿಡುವುದು ಅವಳ ಪದ್ಧತಿ. ಮುಡಿಯುವವರು ಕೂದಲಿಗೆ ಬಿಗಿದುಕೊಳ್ಳಲಿ ಎಂದು.

ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಇದ್ದಕ್ಕಿದ್ದಂತೆ ಗಾಳಿ ಎದ್ದು, ಚಿಕ್ಕಪ್ಪ ಹೋಗಿದ್ದ ಬೋಟು ತಿರುಗಿ ಬರಲಿಲ್ಲ. ಕೇರಿಗೆ ಕೇರಿಯೇ ದಡದಲ್ಲಿ ನಿಂತಿತ್ತು. ನಮ್ಮಲ್ಲಿ ಒಂದು ರೀತಿ ಇದೆ. ಬೋಟು ಬಾರದ ಮನೆಯವರು ಸುದ್ದಿ ತಿಳಿಯುವವರೆಗೆ ಹೂ ಮುಟ್ಟುವುದಿಲ್ಲ. ಸೂತಕವೋ ಅಲ್ಲವೋ ಗೊತ್ತಿಲ್ಲದಿರುವಾಗ, ಆ ಹೂ ಯಾವ ದೇವರ ತಲೆಗೋ ಯಾವ ಮದುಮಗಳ ತಲೆಗೋ ಏರುವುದು ಬೇಡ ಎಂದು.

ಮರುದಿನ ಬೆಳಿಗ್ಗೆ ನೋಡಿದರೆ ಚಿಕ್ಕಿ ಬುಟ್ಟಿ ಹಿಡಿದು ಮೊಗ್ಗು ಕೊಯ್ಯುತ್ತಿದ್ದಾಳೆ! ಕಂಡವರೆಲ್ಲ ಒಂದೇ ಅರ್ಥ ಮಾಡಿಕೊಂಡರು. ಸುದ್ದಿ ಬಂದಿದೆ, ಬೋಟು ಯಾವುದೋ ದಡ ಸೇರಿದೆ. ನನ್ನ ಅಮ್ಮ ಒಲೆಯ ಮುಂದಿನಿಂದ ಎದ್ದು ಬೆಲ್ಲದ ಡಬ್ಬಿ ಹಿಡಿದುಕೊಂಡೇ ಓಡಿದಳು. ಬೇಲಿಯ ಹತ್ತಿರ ಆಗಲೇ ನಾಲ್ಕಾರು ಜನ ನಗುತ್ತ ನಿಂತಿದ್ದರು.

"ಎಲ್ಲಿ ಸಿಕ್ಕಿದ್ರೇ? ಹೊನ್ನಾವರದಲ್ಲಾ?" ಎಂದು ಅಮ್ಮ ಕೇಳಿದಳು.

ಚಿಕ್ಕಿ ತಲೆ ಎತ್ತಲಿಲ್ಲ. "ಸುದ್ದಿ ಎಂತದೂ ಬರ್ಲಿಲ್ಲ. ಮೊಗ್ಗು ಬಂದದೆ, ಕೊಯ್ತೆ."

ಅಮ್ಮನ ಕೈಯ ಬೆಲ್ಲ ಕೈಯಲ್ಲೇ ಉಳಿಯಿತು. ಆ ಹೂವೂ ಬಸ್ಸಿಗೆ ಹೋಯಿತು. ಸಂಜೆಗೆ ಚಿಕ್ಕಪ್ಪನ ಹೆಣ ಸಿಕ್ಕಿತು...

ಆಮೇಲೆ ಊರವರ ಬಾಯಿ ಹಿಡಿಯುವವರು ಯಾರು? "ಗಂಡ ನೀರಲ್ಲಿ, ಇವಳು ಹೂವಲ್ಲಿ. ಎದೆಯೋ ಚಿರೆಕಲ್ಲೋ?" ಎಂದರು. ಸುತ್ತಲಿನವರು ದೇವರ ಕಾರ್ಯಕ್ಕೆ ಅವಳ ಹೂ ಕೊಳ್ಳುವುದನ್ನೇ ಬಿಟ್ಟರು. ಭಟ್ಕಳ ಪೇಟೆಯ ನವಾಯತ ಮುಸ್ಲಿಮರ ಮದುವೆ ಮನೆಗಳಿಗೆ ಆ ರಗಳೆ ಇರಲಿಲ್ಲ. ಹೂ ಅಲ್ಲಿಗೆ ಹೋಗತೊಡಗಿತು. ಚಿಕ್ಕಿ ಯಾರಿಗೂ ಎದುರಾಡಲಿಲ್ಲ. ನಾನು ಬೇಲಿಯ ಈಚೆ ನಿಂತು, ಮನುಷ್ಯರು ಇರಬೇಕಾದದ್ದು ಹೀಗೆ ಎಂದುಕೊಂಡೆ.

ಆ ಪಾಠ ಬೇಗನೆ ಉಪಯೋಗಕ್ಕೆ ಬಂತು. ನನ್ನ ಅಪ್ಪ ಕಲ್ಲಿನ ಕ್ವಾರಿಯಲ್ಲಿ ಕೂಲಿ. ನಮ್ಮ ಮನೆತನದಲ್ಲಿ ಏಳನೆಯ ತರಗತಿ ದಾಟಿದವರಿರಲಿಲ್ಲ. "ಒಂದು ಡಿಗ್ರಿ ಆಗ್ಲಿ, ಆಮೇಲೆ ನಾ ಸತ್ರೂ ಅಡ್ಡಿಲ್ಲ" ಎಂದು ಅಪ್ಪ ತಮಾಷೆ ಮಾಡುತ್ತಿದ್ದ. ಅಷ್ಟೂ ತಾಳಲಿಲ್ಲ. ಬಿ.ಎ. ಕೊನೆಯ ಪರೀಕ್ಷೆಯ ವಾರದಲ್ಲೇ ಹೋದ. ಸೂತಕದ ಮನೆಯಿಂದ ನಾನು ಪೆನ್ನು ಹಿಡಿದು ಬಸ್ಸು ಹತ್ತಿದೆ. ಸಾವು ನನ್ನ ಕೈಲಿಲ್ಲ, ಪರೀಕ್ಷೆ ನನ್ನ ಕೈಲಿದೆ. ಒಂದು ಹನಿ ಕಣ್ಣೀರು ಬರಲಿಲ್ಲ. ಆ ವಾರ ರಾತ್ರಿ ಚಿಕ್ಕಿ ನಮ್ಮಲ್ಲೇ ಬಂದು ಮಲಗುತ್ತಿದ್ದಳು. ಅಮ್ಮನಿಗೆ ಜೊತೆಗೆ ಎಂದುಕೊಂಡಿದ್ದೆ. ಪಾಸಾದೆ, ಮುಂದೆ ಓದಿದೆ, ಈ ಕೆಲಸ ಹಿಡಿದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯೇ.

ಕೆಲಸ ಸಿಕ್ಕ ವರ್ಷ ಚಿಕ್ಕಿಗೆ ಸೀರೆ ತೆಗೆದುಕೊಂಡು ಹೋದೆ. "ಚಿಕ್ಕಿ, ಅವತ್ತು ನೀ ಹೂ ಕೊಯ್ದದ್ದು ನೋಡಿಯೇ ನಾ ಪರೀಕ್ಷೆ ಬರ್ದದ್ದು. ಅಷ್ಟು ಧೈರ್ಯ ಎಲ್ಲಿಂದ ಬಂತು?" ಎಂದೆ.

ಅವಳು ನನ್ನನ್ನೇ ನೋಡಿದಳು. "ಧೈರ್ಯ ಎಂತದು ಮಗಾ? ಜೀವ ಬಾಯಿಗೆ ಬಂದಿತ್ತು. ಕೊಯ್ಯದೆ ಬಿಟ್ರೆ ಅವ್ರು ಹೋದ್ರು ಅಂತ ನಾನೇ ಒಪ್ಪಿದಂಗೆ ಆತು, ಅಲ್ದಾ? ಕೊಯ್ತಾ ಇದ್ರೆ... ತಿರುಗಿ ಬತ್ರು ಅಂತ."

ಸೀರೆಯ ಮಡಿಕೆ ಸರಿಮಾಡುತ್ತ ಒಳಗೆ ಹೋದಳು. ನಾನು ಜಗಲಿಯಲ್ಲೇ ಉಳಿದೆ. ಒಪ್ಪಿಕೊಂಡವಳು ಎಂದು ನಾನು ತಿಳಿದಿದ್ದವಳು, ಒಪ್ಪುವುದಿಲ್ಲ ಎಂದು ಹಟ ಹಿಡಿದಿದ್ದಳು. ಹಾಗಾದರೆ ನಾನು ಕಲಿತದ್ದು ಎಂತ? ತಪ್ಪು ಓದಿಕೊಂಡ ಪಾಠದಿಂದ ಸರಿಯಾಗಿ ಪಾಸಾಗಲು ಬರುತ್ತದೆಯೇ? ಅಂದಿನಿಂದ ಇಂದಿನವರೆಗೂ ಇದು ನನಗೆ ಬಗೆಹರಿದಿಲ್ಲ.

ಚಿಕ್ಕಿ ಕಳೆದ ಮಳೆಗಾಲ ತೀರಿಕೊಂಡಳು. ಮಲ್ಲಿಗೆ ಗಿಡಗಳಿದ್ದ ಜಾಗ ಅದಕ್ಕೂ ಮೊದಲೇ ಹೈವೇ ಅಗಲ ಮಾಡುವಾಗ ಹೋಗಿತ್ತು.

ಮೊನ್ನೆ ಪೊಟ್ಟಣವನ್ನು ಹಾಗೇ ಮನೆಗೆ ತಂದೆ. ಭಾಷಣದಿಂದ ಚಿಕ್ಕಿಯನ್ನು ತೆಗೆದೆ, ಮತ್ತೆ ಸೇರಿಸಿದೆ, ಮತ್ತೆ ತೆಗೆದೆ. ಕಡೆಗೆ ಊರಿಗೆ ಫೋನ್ ಮಾಡಿದೆ. "ಅಮ್ಮ, ಅಪ್ಪ ಹೋದಾಗ ನಾ ಅಳಲೇ ಇಲ್ಲ, ಅಲ್ವಾ?"

"ಯಾರ್ ಹೇಳಿದ್ದು?" ಎಂದಳು ಅಮ್ಮ. "ಹಗಲು ಕಲ್ಲಿನಂಗೆ ಪುಸ್ತಕ ಹಿಡ್ಕಂಡು ಕೂರ್ತಿದ್ದೆ. ನಿದ್ರೆಲಿ ಅಪ್ಪಾ ಅಪ್ಪಾ ಅಂತ ಅಳೂದು. ಚಿಕ್ಕಿ ಬಂದು ಮಲಗಿದ್ದು ಎಂತಕೆ ಮತ್ತೆ? ಬೆನ್ನು ತಟ್ಟೂಕೆ. 'ಹುಡ್ಗಿಗೆ ಹೇಳ್ಬೇಡ, ಪರೀಕ್ಷೆ ಬರೀಲಿ' ಅಂದಿತ್ತು."

ಹೇಳಲಿಲ್ಲ. ಅಮ್ಮನೂ ಹೇಳಲಿಲ್ಲ, ಚಿಕ್ಕಿಯೂ ಹೇಳಲಿಲ್ಲ. ಸೀರೆ ಕೊಟ್ಟ ದಿನವೂ ಅವಳು ಆ ಮಾತು ಎತ್ತಲಿಲ್ಲ. ಹಾಗಾದರೆ ಪರೀಕ್ಷೆ ಬರೆದವಳು ಯಾರು, ಅತ್ತವಳು ಯಾರು... ಕೇಳೋಣವೆಂದರೆ ಬೆನ್ನು ತಟ್ಟಿದವಳು ಈಗ ಇಲ್ಲ.

ಫೋನ್ ಇಟ್ಟು ಪೊಟ್ಟಣ ಬಿಚ್ಚಿದೆ. ಮೊಗ್ಗು ಅರಳಿದ್ದವು. ಮುಡಿಯೋಣವೆಂದು ಮಾಲೆಯ ತುದಿ ಹುಡುಕಿದರೆ, ಕಟ್ಟಿದವರು ಯಾರೋ ನಾರನ್ನು ಗಂಟಿನ ಬುಡಕ್ಕೇ ಕತ್ತರಿಸಿದ್ದರು. ಬಿಗಿದುಕೊಳ್ಳಲು ಏನೂ ಉಳಿದಿರಲಿಲ್ಲ. ಅಷ್ಟಕ್ಕೇ, ಆ ಬೆರಳುದ್ದದ ನಾರಿಗೆ, ಎಚ್ಚರವಾಗಿರುವಾಗಲೇ ನನಗೆ ಅಳು ಬಂತು.