ನರ್ಸಮ್ಮನಿಗೆ ಸಿಗದ ಆರ್ಡರ್

ಕನ್ನಡ ನಾಡು ಒಂದುಗೂಡಿ ಮೈಸೂರು ರಾಜ್ಯ ದೊಡ್ಡದಾದ ಮಾರನೆಯ ವರ್ಷ ನಾನು ಶಿಕಾರಿಪುರದ ಹತ್ತಿರದ ಒಂದು ಸರ್ಕಾರಿ ದವಾಖಾನೆಯಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿ ಹೆರಿಗೆ ಮಾಡಿಸುತ್ತಿದ್ದವರು ನಲವತ್ತರ ಆಸುಪಾಸಿನ ಒಬ್ಬ ವಿಧವೆ. ಊರಿಗೆಲ್ಲ ಅವರು ನರ್ಸಮ್ಮ. ಡಾಕ್ಟರ ಜಾಗ ಖಾಲಿಯಿದ್ದುದರಿಂದ ಕಾಗದಪತ್ರವೆಲ್ಲ ನನ್ನ ಕೈಯಲ್ಲೇ ಇತ್ತು.

ಒಂದು ಬೆಳಿಗ್ಗೆ ಜಿಲ್ಲೆಯಿಂದ ಮೇಲಧಿಕಾರಿ ತಪಾಸಣೆಗೆ ಬಂದರು. ಸೊರಬದ ಕಡೆಯ ಹಳ್ಳಿಗಳಲ್ಲಿ ಹೆರಿಗೆ ನೋಡುವವರಿಲ್ಲ ಎಂಬ ದೂರು ಅವರಿಗೆ ಮುಟ್ಟಿತ್ತು. ಜೀಪು ಹತ್ತುವ ಮುಂಚೆ ನರ್ಸಮ್ಮನನ್ನು ಕರೆದರು. ನಾನು ಫೈಲು ಹಿಡಿದು ಪಕ್ಕದಲ್ಲೇ ನಿಂತಿದ್ದೆ.

"ನಾಳೇನೇ ಕುಪ್ಪಗಡ್ಡೆಗೆ ಹೊರಡಮ್ಮ. ಆರ್ಡರ್ ಹಿಂದಿನಿಂದ ಬರುತ್ತೆ," ಎಂದರು.

ಅವರು ಹೋದ ಮೇಲೆ ನರ್ಸಮ್ಮ ನನ್ನ ಮೇಜಿನ ಹತ್ತಿರ ಬಂದರು. "ಒಂದು ಚೀಟಿನಾದ್ರೂ ಬರ್ಕೊಡ್ರೀ. ನಾಳೆ ಯಾರಾದ್ರೂ ಕೇಳಿದ್ರೆ ಏನು ತೋರಿಸ್ಲಿ?"

"ಅಷ್ಟು ದೊಡ್ಡವರು ಹೇಳಿದ್ಮೇಲೆ ಚೀಟಿ ಯಾಕ್ರಮ್ಮ? ಹೋಗ್ಬನ್ನಿ," ಎಂದೆ.

ಮೌಖಿಕ ಆದೇಶದ ಮೇರೆಗೆ ಕಳಿಸಲಾಗಿದೆ ಎಂದು ಎರಡು ಸಾಲು ಬರೆದು, ಒಂದು ಪ್ರತಿಯನ್ನು ಜಿಲ್ಲೆಗೆ ಕಳಿಸಬಹುದಿತ್ತು. ಆ ಕ್ರಮ ನನಗೆ ಗೊತ್ತಿತ್ತು. ದೊಡ್ಡವರ ಮಾತಿಗೆ ಕಾಗದ ಕೇಳಲು ಅಂಜಿದೆ. ಸೋಮಾರಿತನವೂ ಇತ್ತು.

ನರ್ಸಮ್ಮ ಟ್ರಂಕು ಹೊರಿಸಿಕೊಂಡು ಹೋದರು. ಗದ್ದೆಯ ಬದುಗಳ ಮೇಲೆ ಮೈಲಿಗಟ್ಟಲೆ ನಡೆದು ಹೆರಿಗೆ ಮಾಡಿಸುತ್ತಾರಂತೆ ಎಂಬ ಸುದ್ದಿ ಬರುತ್ತಿತ್ತು. ಆರ್ಡರ್ ಮಾತ್ರ ಬರಲಿಲ್ಲ. ಮೂರನೆಯ ತಿಂಗಳು ಆ ಅಧಿಕಾರಿ ಹೃದಯಾಘಾತದಿಂದ ತೀರಿಕೊಂಡರು. ಅವರ ಜಾಗಕ್ಕೆ ಬಂದವರು ನಮ್ಮ ಹಾಜರಿ ಪುಸ್ತಕ ತೆರೆದಾಗ ನರ್ಸಮ್ಮನ ಸಾಲು ಖಾಲಿಯಿತ್ತು. ಅವರನ್ನು ವಿಚಾರಣೆಗೆ ಕರೆಸಿದರು.

"ಸಾಹೇಬ್ರೇ ಹೋಗು ಅಂದಿದ್ರು ಸ್ವಾಮಿ. ಇವರೂ ಅಲ್ಲೇ ಇದ್ರು," ಎಂದು ನರ್ಸಮ್ಮ ನನ್ನತ್ತ ಕೈ ತೋರಿಸಿದರು.

"ಏನ್ರೀ, ನೀವು ಕೇಳಿದ್ರಾ?"

ಕೇಳಿದ್ದೆ ಎಂದರೆ, ಮತ್ತೆ ಯಾಕೆ ಬರೆದಿಡಲಿಲ್ಲ ಎಂಬ ಪ್ರಶ್ನೆ ನನ್ನ ಕೊರಳಿಗೆ ಸುತ್ತಿಕೊಳ್ಳುತ್ತಿತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. "ಏನೋ ಮಾತಾಡಿದ್ರು ಸಾರ್. ಸರಿಯಾಗಿ ನೆನಪಿಲ್ಲ," ಎಂದುಬಿಟ್ಟೆ.

ಹೊಸ ಅಧಿಕಾರಿ ಕೆಟ್ಟವರೇನಲ್ಲ. ಬಹಳ ಹೊತ್ತು ಕಾಗದಗಳನ್ನು ತಿರುವಿದರು. "ಬರವಣಿಗೇಲಿ ಇಲ್ಲದ ಆರ್ಡರನ್ನ ನಾನು ಹೇಗಮ್ಮ ಒಪ್ಪಲಿ?" ಎಂದರು. ಅಪ್ಪಣೆಯಿಲ್ಲದೆ ಗೈರುಹಾಜರಾದರೆಂದು ನರ್ಸಮ್ಮನನ್ನು ಕೆಲಸದಿಂದ ತೆಗೆದರು.

ವರ್ಷ ಕಳೆದು ಶಿರಾಳಕೊಪ್ಪದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವರು ಸಿಕ್ಕರು. ಕುಪ್ಪಗಡ್ಡೆಯಲ್ಲೇ ಉಳಿದಿದ್ದರಂತೆ, ಹೆರಿಗೆಗೆ ಕರೆದವರ ಮನೆಗೆ ಹೋಗುತ್ತಿದ್ದರಂತೆ. "ತಪ್ಪಾಯ್ತಮ್ಮ," ಎಂದೆ.

"ನಿಮಗೆ ನೆನಪಿತ್ತಲ್ಲ?"

"ಇತ್ತು."

"ನಂಗೂ ಹಂಗೇ ಅನ್ನಿಸ್ತು," ಎಂದಷ್ಟೇ ಹೇಳಿ ಸೊರಬದ ಬಸ್ಸು ಹತ್ತಿದರು.

ಆ ವಾರವೇ ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ ಜಿಲ್ಲೆಗೆ ಕಳಿಸಿದೆ. ಪ್ರಕರಣ ಮುಗಿದಿದೆ, ಮತ್ತೆ ತೆರೆಯಲಾಗದು ಎಂದು ಉತ್ತರ ಬಂತು. ಅಂದು ಸುಳ್ಳು ಹೇಳಿದ್ದೇಕೆಂದು ನನ್ನನ್ನು ಯಾರೂ ಕೇಳಲಿಲ್ಲ. ಆ ಉತ್ತರ ಹಿಡಿದು ಕುಪ್ಪಗಡ್ಡೆಗೆ ಹೋಗುವ ಧೈರ್ಯ ನನಗೆ ಬರಲೇ ಇಲ್ಲ.