ಹಳ್ಳದಲ್ಲಿ ತೊಳೆದ ಲಡಿ

ನಾನು ಏಳನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ಮೊಳಕಾಲ್ಮೂರಿನ ನಮ್ಮ ಬೀದಿಗೆಲ್ಲ ಗೇರ್ ಸೈಕಲ್ ಅಂತ ಇದ್ದದ್ದು ಒಂದೇ ಒಂದು. ಅದೂ ನನ್ನದಲ್ಲ. ಶೇಂಗಾ ವ್ಯಾಪಾರದವರ ಮಗಳು, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ರೇಣುಕಳದ್ದು. ಅವರಪ್ಪ ಬಳ್ಳಾರಿಯಿಂದ ತಂದುಕೊಟ್ಟಿದ್ದರು. ಟೈರು ನನ್ನ ಮುಂಗೈ ದಪ್ಪ, ಬಣ್ಣ ಕಣ್ಣು ಕುಕ್ಕುವ ಕೆಂಪು, ಮಡ್‌ಗಾರ್ಡೇ ಇಲ್ಲ. ಮಡ್‌ಗಾರ್ಡ್ ಇಲ್ಲದ್ದೇ ಅದರ ದೊಡ್ಡಸ್ತಿಕೆ ಅಂತ ರೇಣುಕ ಹೇಳುತ್ತಿದ್ದಳು. ನಾನು ಅವಳ ಹಿಂದಿ ಕಾಪಿ ಬರೆದುಕೊಟ್ಟರೆ ದಿನಕ್ಕೊಂದು ರೌಂಡು ಬಿಡುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ಆ ಒಂದು ರೌಂಡಿಗಾಗಿ ನಾನು ಅವಳ ಚಪ್ಪಲಿ ಎತ್ತು ಅಂದಿದ್ದರೂ ಎತ್ತುತ್ತಿದ್ದೆ.

ನಮ್ಮ ಸೀಮೆಗೆ ಮಳೆ ಅಂತ ಸರಿಯಾಗಿ ಬರೋದೇ ದಸರಾ ಮುಗಿದ ಮೇಲೆ. ಆ ವರ್ಷವಂತೂ ಚಿತ್ತಾ ಮಳೆ ಹಿಡಿದುಕೊಂಡಿತು ನೋಡಿ, ಎಂಟು ದಿನ ಸೂರ್ಯನ ಮುಖ ಕಾಣಲಿಲ್ಲ. ಊರೆಲ್ಲ ಹಸಿ ಶೇಂಗಾ ಬಳ್ಳಿಯ ವಾಸನೆ. ಕಿತ್ತ ಶೇಂಗಾ ಒಣಗಿಸಲಾಗದೆ ಎಲ್ಲರ ಮನೆ ಪಡಸಾಲೆಯಲ್ಲೂ ಹರವಿದ್ದರು, ಕಾಲಿಡಲು ಜಾಗವಿರಲಿಲ್ಲ. ರೇಣುಕಳ ಅವ್ವ ಉಪ್ಪು ಹಾಕಿ ಬೇಯಿಸಿದ ಶೇಂಗಾವನ್ನು ನಮ್ಮ ಲಂಗದ ಮಡಿಲಿಗೆ ಬಿಸಿಬಿಸಿ ಸುರಿಯುತ್ತಿದ್ದರು. ಅದನ್ನು ಸುಲಿಯುತ್ತ ನಾವು ಗುಡ್ಡದ ಬುಡಕ್ಕೆ ಹೋಗುತ್ತಿದ್ದೆವು.

ಗುಡ್ಡದ ಬುಡದಲ್ಲಿ ಕುರಿಗಳು ಓಡಾಡಿ ಆದ ಒಂದು ಕಾಲುದಾರಿ ಇತ್ತು. ಮೇಲಿನಿಂದ ಹಳ್ಳದವರೆಗೆ ಒಂದೇ ಇಳಿಜಾರು. ಮೊದಲು ಕೆಂಪು ಮಣ್ಣು, ಜಾರಿಕೆ. ಕೆಳಗೆ ಬಂದರೆ ಎರೆ ಮಣ್ಣು, ಅದು ಚಕ್ರಕ್ಕೆ ಮೆತ್ತಿಕೊಂಡರೆ ಸೈಕಲ್ಲು ನಿಂತಲ್ಲೇ ನಿಲ್ಲುವುದು. ಕಡ್ಡಿ ತಗೊಂಡು ಕೆರೆದು ತೆಗೆದು ಮತ್ತೆ ಮೇಲೆ ನೂಕಿಕೊಂಡು ಹೋಗಬೇಕು. ಇಳಿಯುವಾಗ ಹಿಂದಿನ ಚಕ್ರದ ಕೆಸರು ಸೊಂಟದಿಂದ ನೆತ್ತಿಯವರೆಗೆ ಜಡೆ ಹೆಣೆದಂತೆ ಹಾರುತ್ತಿತ್ತು. ನಾನು ಕೂಗುತ್ತಿದ್ದ ಕೂಗಿಗೆ ಕುರಿ ಕಾಯುವವರು ಬೈಯುತ್ತಿದ್ದರು.

"ಲೇ ಪದ್ದಿ, ಬ್ರೇಕ್ ಹಿಡಿಬ್ಯಾಡ್ವೇ! ಹಿಡಿದ್ರೆ ಬೀಳ್ತೀಯ!" ರೇಣುಕ ಮೇಲಿನಿಂದ ಅರಚುತ್ತಿದ್ದಳು.

ನಮ್ಮದು ನೇಕಾರರ ಮನೆ. ಮನೆಯೊಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ಅಪ್ಪನನ್ನು ನಾವು ನಾಯ್ನ ಅನ್ನುತ್ತಿದ್ದೆವು. ನಡುಮನೆಯಲ್ಲಿ ಗುಂಡಿ ಮಗ್ಗ. ನಾಯ್ನ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು, ಕಾಲುಮಣೆ ತುಳಿಯುತ್ತ ರೇಷ್ಮೆ ಸೀರೆ ನೇಯುತ್ತಿದ್ದರು. ಮಗ್ಗ ಎಲ್ಲರ ಮನೆಯಲ್ಲೂ ಇತ್ತು, ಆದರೆ ಕಣ್ಣು ಮಾತ್ರ ನಾಯ್ನಂದು. ಎರಡು ನೂಲು ಒಂದೇ ಬಣ್ಣವೋ ಅಲ್ಲವೋ ಅಂತ ಅನುಮಾನ ಬಂದರೆ ಬೀದಿಯವರೆಲ್ಲ ನಮ್ಮ ಮನೆಗೇ ಬರುತ್ತಿದ್ದರು. ನಾಯ್ನ ನೂಲನ್ನು ಬಾಗಿಲ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಇದು ಬಣ್ಣದಾಗೆ ಒಂದು ಮುಳುಗು ಜಾಸ್ತಿ ತಿಂದೈತೆ" ಅನ್ನುತ್ತಿದ್ದರು. ಅಷ್ಟೇ, ಮಾತು ಮುಗಿಯಿತು. ಎದುರಾಡಿದವರನ್ನು ನಾನು ಕಾಣೆ.

ಶಾಲೆಯಿಂದ ಬಂದ ಮೇಲೆ ರಾಟೆಗೆ ಕೂತು ಲಡಿಯಿಂದ, ಅಂದರೆ ನೂಲಿನ ಕಟ್ಟಿನಿಂದ, ಕಂಡಿಕೆಗೆ ನೂಲು ಸುತ್ತುವುದು ನನ್ನ ಕೆಲಸ. ಕಂಡಿಕೆ ಅಂದರೆ ಲಾಳಿಯೊಳಗೆ ಕೂರುವ ಪುಟ್ಟ ಕೊಳವೆ. ಸುತ್ತಿದ ಪ್ರತಿ ಕಂಡಿಕೆಯನ್ನೂ ನಾಯ್ನ ಬಿಸಿಲಿಗೆ ಹಿಡಿದು ನೋಡದೆ ಲಾಳಿಗೆ ಹಾಕುತ್ತಿರಲಿಲ್ಲ. ಆ ವಾರ ಮಾತ್ರ ಬಿಸಿಲೇ ಇರಲಿಲ್ಲ, ಹಗಲಲ್ಲೂ ಟ್ಯೂಬ್‌ಲೈಟು, ಅದೂ ಬಂದು ಹೋಗುವುದು.

ಮಗ್ಗದ ಮೇಲೆ ಬದನೆಕಾಯಿ ಬಣ್ಣದ ಮದುವೆ ಸೀರೆ ಇತ್ತು. ಊರಾಚೆ ಬಣ್ಣ ಹಾಕುವವರ ಮನೆಯಿಂದ ಲಡಿ ತರಲು ನಾಯ್ನ ನನ್ನನ್ನು ಕಳಿಸಿದರು. "ಪ್ಲಾಸ್ಟಿಕ್ ಕವರ್‌ನಾಗೆ ಸುತ್ತಿಸ್ಕಂಡು ರೋಡಿನ ಮ್ಯಾಲೇ ಬಾ ತಾಯಿ. ಗುಡ್ಡದ ಕಡೆ ಹೋಗ್ಬ್ಯಾಡ" ಅಂದರು. ಹೂಂ ಅಂದೆ. ಬೀದಿ ಕೊನೆಯಲ್ಲಿ ರೇಣುಕ ಸೈಕಲ್ ಹಿಡಿದು ನಿಂತಿದ್ದಳು. ಜ್ವರ ಅಂತ ಅವಳಿಗೆ ಮನೆಯಲ್ಲಿ ಸೈಕಲ್ ಹತ್ತಬೇಡ ಅಂದಿದ್ದರಂತೆ. "ಇವತ್ತು ಪೂರ್ತಿ ನೀನೇ ಇಟ್ಕಳೇ" ಅಂದಳು. ಪೂರ್ತಿ! ಆ ಮಾತು ಕೇಳಿದ ಮೇಲೆ ರೋಡು ಯಾರಿಗೆ ಬೇಕು?

ಹೋಗುವಾಗ ರೋಡಿನಲ್ಲೇ ಹೋದೆ, ಅಷ್ಟು ಬುದ್ಧಿ ಇತ್ತು. ಬರುವಾಗ ಲಡಿಗಳ ಕವರನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಗುಡ್ಡದ ದಾರಿ ಹತ್ತಿದೆ. ಒಂದೇ ಸಲ ಇಳಿದು ಮನೆಗೆ ಹೋಗೋಣ ಅಂತ. ಅರ್ಧ ಇಳಿಜಾರಿನಲ್ಲಿ ಕವರು ಮುಂದಿನ ಚಕ್ರಕ್ಕೆ ತಗುಲಿತು. ನಾನು ಬ್ರೇಕ್ ಹಿಡಿದೆ. ಸೈಕಲ್ಲು ಒಂದು ಕಡೆ, ನಾನೊಂದು ಕಡೆ, ಕವರು ಒಂದು ಕಡೆ.

ಮೊಣಕೈ ತರಚಿ ರಕ್ತ ಬರುತ್ತಿತ್ತು, ಅದರ ಕಡೆ ನೋಡಲೂ ಇಲ್ಲ. ಐದು ಲಡಿ ಕವರಿನೊಳಗೇ ಇದ್ದವು. ಆರನೆಯದು ಕೆಸರಿನಲ್ಲಿ ಮಲಗಿತ್ತು. ಎತ್ತಿಕೊಂಡು ಹಳ್ಳಕ್ಕೆ ಓಡಿದೆ. ಬರೀ ನೀರಿಗೆ ಮಣ್ಣು ಬಿಡಲಿಲ್ಲ. ಬಂಡೆಯ ಮೇಲೆ ಯಾರೋ ಬಟ್ಟೆ ಒಗೆದು ಬಿಟ್ಟುಹೋದ ಸೋಪಿನ ಚೂರಿತ್ತು. ರೇಷ್ಮೆಗೆ ಬಟ್ಟೆ ಸೋಪು ತಾಗಿಸಬಾರದು ಅಂತ ನೇಕಾರರ ಮನೆಯ ಕೂಸಿಗೂ ಗೊತ್ತು. ಗೊತ್ತಿದ್ದೇ ಹಚ್ಚಿದೆ. ನೊರೆ ನಸು ನೇರಳೆಯಾಗಿ ಹರಿದು ಹೋಯಿತು.

ರೇಣುಕಳ ಮನೆಯಲ್ಲಿ ಶೇಂಗಾ ಹರವಿದ್ದ ಕಡೆ ಫ್ಯಾನ್ ಕೆಳಗೆ ಒಣಗಿಸಿದೆವು. ಒಣಗಿದ ಮೇಲೆ ಉಳಿದ ಲಡಿಗಳ ಪಕ್ಕ ಇಟ್ಟು ನೋಡಿದೆ. ನಾನೂ ನಾಯ್ನನ ಮಗಳೇ ಅಲ್ಲವೆ, ನನಗೆ ಕಂಡಿತು. ತೊಳೆದ ಲಡಿಯ ಬಣ್ಣ ಒಂದು ಎಳೆಯಷ್ಟು ಸಪ್ಪೆ.

"ಏನೂ ಕಾಣ್ಸಲ್ಲ ಬಿಡೇ" ಅಂದಳು ರೇಣುಕ. ಆ ಮಾತನ್ನು ನಂಬುವುದು ನನಗೆ ಬೇಕಾಗಿತ್ತು, ನಂಬಿದೆ.

ಮನೆಗೆ ಬಂದವಳೇ ಯಾರೂ ಹೇಳದೆ ರಾಟೆಗೆ ಕೂತೆ. ಆ ಲಡಿಯನ್ನೇ ಮೊದಲು ಸುತ್ತಿ ಮುಗಿಸಿದೆ. "ಏನೇ ಇವತ್ತು ಇಷ್ಟು ನಿಷ್ಠೆ?" ಅಂತ ಅವ್ವ ಒಲೆ ಮುಂದಿನಿಂದ ಛೇಡಿಸಿದಳು. ನಾಯ್ನ ಕಂಡಿಕೆಯನ್ನು ಕೈಗೆ ತಗೊಂಡು ಅಭ್ಯಾಸದಂತೆ ಬಾಗಿಲ ಕಡೆ ನೋಡಿದರು. ಹೊರಗೆ ಮಬ್ಬು, ಜಿಟಿಜಿಟಿ ಮಳೆ.

"ಬಣ್ಣ ನೋಡ್ದೇನಮ್ಮಾ?" ಅಂದರು.

"ನೋಡ್ದೆ ನಾಯ್ನಾ. ಒಂದೇ ಐತೆ."

ಲಾಳಿ ಆಡತೊಡಗಿತು.

ಮಳೆ ಬಿಟ್ಟ ಮೇಲೆ ಸೀರೆ ಸುತ್ತಿದ ಸುರುಳಿಯಾಗಿಯೇ ಮಗ್ಗದಿಂದ ಇಳಿಯಿತು. ಸೀರೆ ಮಾಡಿಸಿದ ಮಾಲೀಕರ ಮನೆಗೆ ನಾಯ್ನ ಅದನ್ನು ಹೆಗಲಿಗೇರಿಸಿಕೊಂಡು ಹೋದರು, ನಾನೂ ಹಿಂದೆಯೇ ಹೋದೆ. ಹೋಗದಿದ್ದರೆ ಚೆನ್ನಾಗಿತ್ತು. ಮಾಲೀಕರು ಜಗಲಿಯ ಬಿಸಿಲಿನಲ್ಲಿ ಸೀರೆ ಬಿಚ್ಚಿದರು. ಒಡಲಿನ ನಡುವೆ ಒಂದು ಮೊಳದಗಲ ಪಟ್ಟೆ, ತೊಳೆದು ಹೋದಂಥ ಬದನೆಕಾಯಿ ಬಣ್ಣ. ಯಾರೂ ಬೆರಳಿಟ್ಟು ತೋರಿಸಬೇಕಾಗಿರಲಿಲ್ಲ. ನಾಯ್ನ ನೋಡಿದರು. ಬಗ್ಗಿ ನೋಡಿದರು. ಸೀರೆಯನ್ನು ತಿರುಗಿಸಿ ನೋಡಿದರು.

"ಕಂಡಿಕೆ ಬಿಸಿಲಿಗೆ ಹಿಡೀಲಿಲ್ವೇನೋ?" ಮಾಲೀಕರು ಕೇಳಿದರು.

"ನಾನೇ ನೋಡಿ ಹಾಕಿದೀನ್ರಿ" ಅಂದರು ನಾಯ್ನ.

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಹೆಸರು ಬಾಯಿಗೆ ಬರಲಿಲ್ಲ. ಮಾಲೀಕರು ಕೂಗಾಡಿದ್ದರೆ ಆಗ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಅವರು ಸೀರೆ ಮಡಿಸುತ್ತ ಮೆಲ್ಲಗೆ, "ವಯಸ್ಸು ಯಾರನ್ನೂ ಬಿಡಲ್ಲ ಕಣಪ್ಪ, ಒಂದ್ಸಲ ಕಣ್ಣು ತೋರಿಸ್ಕಾ" ಅಂದುಬಿಟ್ಟರು. ನಾಯ್ನನಿಗೆ ಆಗ ನಲವತ್ತು ದಾಟಿರಲಿಲ್ಲ.

ಬಣ್ಣ ಹಾಕಿದವರು ದೇವರಾಣೆ ಆರೂ ಲಡಿ ಒಂದೇ ಹಂಡೆಯದು ಅಂದರು. ಇರಬಹುದು, ಇಲ್ಲದಿರಬಹುದು ಅಂದರು ನಾಯ್ನ. "ಅವರು ತಪ್ಪು ಮಾಡ್ಲಿ, ಬಿಡ್ಲಿ. ಮಬ್ಬಾದ್ರೇನು, ಒಂದು ಮೊಳ ನೇಯ್ದೀನಿ, ನಂಗ್ಯಾಕೆ ಕಾಣ್ಲಿಲ್ಲ?" ಅದೊಂದೇ ಪ್ರಶ್ನೆ. ಊಟದ ತಟ್ಟೆ ಮುಂದೆ ಅದೇ, ಮಗ್ಗದ ಮೇಲೆ ಅದೇ. ನಾನು ಹೇಳಬೇಕು ಅಂತ ಹೋಗುತ್ತಿದ್ದೆ, ನೀರಿನ ಚೊಂಬು ಇಟ್ಟು ವಾಪಸ್ ಬರುತ್ತಿದ್ದೆ. ಏಟಿನ ಭಯ ಮೊದಲು. ಆಮೇಲೆ ದಿನ ಕಳೆದಷ್ಟೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ ಏನು ಹೇಳಲಿ ಅನ್ನುವ ಭಯ. ಎರಡನೆಯದು ಮೊದಲಿನದಕ್ಕಿಂತ ಕೆಟ್ಟದ್ದು.

ನಾಯ್ನ ಸರಿಯಿದ್ದ ನೂಲನ್ನೂ ಅನುಮಾನಿಸತೊಡಗಿದರು. ಒಂದೇ ಲಡಿಯ ಎರಡು ತುದಿಯನ್ನು ಹಿಡಿದುಕೊಂಡು ನನ್ನನ್ನು ಕರೆಯುತ್ತಿದ್ದರು. "ಪದ್ದಮ್ಮಾ, ಇವೆರಡೂ ಒಂದೇನಾ ನೋಡು. ನಿಂದು ಎಳೇ ಕಣ್ಣು." ನನ್ನ ಕಣ್ಣನ್ನು! ಅವರು ನಂಬಿದ್ದು ನನ್ನ ಕಣ್ಣನ್ನು! ಒಂದೇ ನಾಯ್ನಾ ಅನ್ನುತ್ತಿದ್ದೆ, ಹಿತ್ತಲಿಗೆ ಹೋಗಿ ಅಳುತ್ತಿದ್ದೆ. ಬೀದಿಯವರು ನೂಲು ಹಿಡಿದು ಬಂದರೆ, "ನನ್ನ ಕಣ್ಣು ನಂಬಬ್ಯಾಡ್ರಪ್ಪೋ" ಅಂತ ನಗುತ್ತಲೇ ಕಳಿಸುತ್ತಿದ್ದರು. ಕ್ರಮೇಣ ಬರುವುದನ್ನೇ ಬಿಟ್ಟರು.

ಮುಂದಿನ ಯುಗಾದಿಗೆ ನಾಯ್ನ ಮಗ್ಗ ಬಿಟ್ಟರು. ಅವ್ವ ಎಷ್ಟು ಬಡಕೊಂಡರೂ ಕೇಳಲಿಲ್ಲ. "ಕಣ್ಣಿಲ್ದೋನು ಮಗ್ಗದಾಗೆ ಕೂತು ಯಾರ ಮದುವೆ ಸೀರೆ ಕೆಡಿಸ್ಲೇ?" ಅಂದರು. ರಾಂಪುರದ ಒಂದು ಗೋಡೌನಿನಲ್ಲಿ ಶೇಂಗಾ ಮೂಟೆ, ಈರುಳ್ಳಿ ಮೂಟೆ ಹೊರುವ ಕೆಲಸಕ್ಕೆ ಸೇರಿದರು. ಬೆಳಿಗ್ಗೆ ಬಸ್ಸಿಗೆ ಹೋದರೆ ಸಂಜೆ ಮೈಯೆಲ್ಲ ಧೂಳಾಗಿ ಬರುತ್ತಿದ್ದರು. ನಾನು ಆಮೇಲೆ ರೇಣುಕಳ ಸೈಕಲ್ ಹತ್ತಲಿಲ್ಲ. ಅವಳು ಕೊಡುತ್ತೇನೆಂದರೂ ಹತ್ತಲಿಲ್ಲ. ಅದರಿಂದ ಯಾರಿಗೆ ಏನು ಉಪಕಾರವಾಯಿತೋ ದೇವರೇ ಬಲ್ಲ.

ಈಗ ನಾನು ಚಳ್ಳಕೆರೆಯಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಪದ್ಮಕ್ಕನ ಹತ್ತಿರ ಹೋದರೆ ದಾರದ ಬಣ್ಣ ಕೂದಲೆಳೆಯಷ್ಟೂ ತಪ್ಪಲ್ಲ ಅನ್ನುತ್ತಾರೆ ಹೆಂಗಸರು. ಹೊಗಳಿಕೆ ಕೇಳಿದಾಗೆಲ್ಲ ನಾನು ದಾರವನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿಯುತ್ತೇನೆ. ಈ ಸಲದ ಚಿತ್ತಾ ಮಳೆಯಲ್ಲಿ ನಾಯ್ನ ನಮ್ಮ ಮನೆಗೆ ಬಂದಿದ್ದರು. ಪೇಪರ್ ಓದಲು ಕಷ್ಟ ಅಂದರು, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಕಣ್ಣು ಚೆನ್ನಾಗೈತೆ ಯಜಮಾನ್ರೇ, ಓದೋಕೊಂದು ಕನ್ನಡಕ ಸಾಕು" ಅಂದರು.

ನಾಯ್ನ ಒಪ್ಪಲಿಲ್ಲ. "ಇಲ್ಲ ಸಾರ್, ಸರಿಯಾಗಿ ನೋಡ್ರಿ. ನಂಗೆ ಬಣ್ಣ ಕಾಣೋದು ಹೋಗಿ ಹದಿನೇಳು ವರ್ಷ ಆತು."

ಡಾಕ್ಟರು ಬಣ್ಣದ ಚುಕ್ಕಿಗಳಲ್ಲಿ ಅಂಕಿ ಅಡಗಿಸಿದ ಪುಸ್ತಕ ತೆಗೆದು ತೋರಿಸಿದರು. ನಾಯ್ನ ಒಂದೂ ತಪ್ಪದೆ ಓದಿದರು. ಓದಿ ನನ್ನ ಕಡೆ ನೋಡಿದರು, ಅವರಿಗೇ ನಂಬಿಕೆಯಿಲ್ಲದಂತೆ.

ಹೊರಗೆ ಬಂದು ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಅಲ್ಲಿ ಹೇಳಿದೆ. ಗುಡ್ಡದ ದಾರಿ, ಕೆಸರು, ಹಳ್ಳ, ಸುಳ್ಳು, ಎಲ್ಲ. ಹೇಳುವಾಗ ಅವರ ಮುಖ ನೋಡಲಿಲ್ಲ, ಲೋಟ ನೋಡುತ್ತಿದ್ದೆ.

"ಯಾವ ಸೋಪು?" ಅಂದರು ನಾಯ್ನ.

"ಬಟ್ಟೆ ಸೋಪು ನಾಯ್ನಾ."

"ಅದಕ್ಕೇ ಹಂಗಾಗೈತೆ." ಟೀ ಕುಡಿದು ಲೋಟ ಕೆಳಗಿಟ್ಟರು. "ಅವತ್ತೇ ಹೇಳಿದ್ರೆ ಎರಡು ಬಿಗಿದು, ಮಾರನೇ ದಿನ ಮಗ್ಗಕ್ಕೆ ಕೂತ್ಕಂತಿದ್ನಲ್ಲೇ."

ಕೋಪ ಇರಲಿಲ್ಲ ದನಿಯಲ್ಲಿ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಕೈ ಹಿಡಿದುಕೊಂಡು ಅತ್ತೆ, ಅಂಗಡಿಯವರು ನೋಡುತ್ತಿದ್ದರೂ ಅತ್ತೆ. "ಈಗಲಾದ್ರೂ ಕೂತ್ಕಳ್ರಿ ನಾಯ್ನಾ. ನಾನು ಮಗ್ಗ ಹಾಕಿಸ್ತೀನಿ, ನಾನೇ ಕಂಡಿಕೆ ಸುತ್ತಿಕೊಡ್ತೀನಿ" ಅಂದೆ.

ನಾಯ್ನ ಬೆಂಚಿಗೆ ಎರಡೂ ಕೈ ಊರಿ ಏಳಲು ನೋಡಿದರು. ಮೂಟೆ ಹೊತ್ತ ಮಂಡಿ, ಒಂದೇ ಸಲಕ್ಕೆ ಏಳಲಿಲ್ಲ. ಮತ್ತೊಮ್ಮೆ ಊರಿದರು. ನಾನು ರಟ್ಟೆ ಹಿಡಿದು ಎಬ್ಬಿಸಿದೆ.

"ಗುಂಡಿ ಮಗ್ಗ ಅಲ್ಲೇನಮ್ಮಾ ಅದು" ಅಂದರು, ನನ್ನನ್ನೇ ಸಮಾಧಾನ ಮಾಡುವಂತೆ. "ಕಾಲಿಂದ ತುಳೀಬೇಕು."