ಹಗ್ಗದಲ್ಲಿ ಬಂದ ಭಾರ

ಇಂಥ ಕಥೆಗಳನ್ನು ನಾನು ನಂಬುತ್ತಿರಲಿಲ್ಲ. ದೆವ್ವದ ಮೇಲಿನ ಅಪನಂಬಿಕೆಗಿಂತ ನೆನಪಿನ ಮೇಲಿನದೇ ಹೆಚ್ಚು. ಪ್ರತಿ ಸಲ ಹೇಳುವಾಗಲೂ ಅದು ಒಂದಿಷ್ಟು ಹೊಸದನ್ನು ಸೇರಿಸಿ, ಹೊಂದದ್ದನ್ನು ಕಿತ್ತುಹಾಕುತ್ತದೆ. ಈಗ ನನ್ನದನ್ನೇ ಬರೆಯುತ್ತಿದ್ದೇನೆ. ಅನುಮಾನವಿರುವ ಕಡೆ ಹಾಗೆಂದೇ ಹೇಳುತ್ತೇನೆ.

ಸೇಲಂನಲ್ಲಿರುವ ನನ್ನ ಅಕ್ಕನ ಗಂಡ ಮಾದೇಶ ಬಾವನಿಗೆ ಬಂಡೆ ಹತ್ತುವ ಹುಚ್ಚು. ಅದು ನನಗೂ ಅಂಟಿತು. ಬಂಡೆಗೆ ಮೊಳೆ ಹೊಡೆಯುವಂತಿಲ್ಲ. ಬಿರುಕಿನಲ್ಲಿ ನಟ್ ಎಂಬ ಮೂರು ಲೋಹದ ಬೆಣೆಗಳನ್ನು ಸಿಕ್ಕಿಸಿ, ಮೂರನ್ನೂ ದಾರದಿಂದ ಕೂಡಿಸಿ, ಭಾರ ಸಮನಾಗಿ ಹಂಚುವಂತೆ ಗಂಟು ಹಾಕಬೇಕು. ಅದೇ ಆಂಕರ್. ಮೇಲೆ ನಿಂತು ಹಗ್ಗ ಎಳೆದುಕೊಳ್ಳುವವನ ಜೀವವೂ ಕೆಳಗಿನಿಂದ ಹತ್ತುವವನ ಜೀವವೂ ಅದರಲ್ಲೇ. ತಿಂಗಳುಗಟ್ಟಲೆ ನೆಲದ ಮೇಲೆ ನಿಂತು ಕಟ್ಟಿ, ಬಿಚ್ಚಿ, ಬೈಸಿಕೊಂಡು ಕಲಿತೆ. ಬಾವ ಪರೀಕ್ಷಿಸದ ನನ್ನ ಆಂಕರನ್ನು ನಂಬಿ ಬಾವನೇ ಹತ್ತುವ ದಿನ ಕೊನೆಗೂ ಬಂತು. ಜಾಗ, ಕೊಳತ್ತೂರಿನ ಆಚೆಯ ಒಂದು ಬಂಡೆ.

ಹೊರಡುವಾಗ ಅಜ್ಜಿ ನಕ್ಕಳು. "ಜೇನು ಕೊಯ್ಯೋರೂ ಅಗ್ಗ ಇಡಿಯೋಕೆ ಎಂಡ್ತಿ ತಮ್ಮನ್ನೇ ನಿಲ್ಲುಸ್ತಾರೆ ಕಣ್ಲಾ. ಅಕ್ಕ ಮುಂಡೆಯಾಗ್ಲಿ ಅಂತ ಯಾರಾನ ಕೈ ಬುಡ್ತಾನಾ?"

"ಇವ್ನು ಮೊದ್ಲು ಫೋನ್ ಬುಡ್ಲಿ, ಆಮ್ಯಾಕೆ ನೋಡಾಣ," ಅಂದಳು ಅಕ್ಕ.

ಹಿಂಬದಿಯ ಇಳಿಜಾರಿನಿಂದ ನಡೆದು ಬಂಡೆಯ ಮೇಲೆ ಮುಂದಕ್ಕೆ ಚಾಚಿದ್ದ ಅಂಚಿಗೆ ಹೋದೆ. ಹೆದರಿಕೆಯಿರಲಿಲ್ಲ, ಖುಷಿಯಿತ್ತು. ಬಿರುಕು ಎಷ್ಟು ಚೆನ್ನಾಗಿತ್ತೆಂದರೆ ಮೂರು ನಟ್‌ಗಳೂ ತಮ್ಮ ಮನೆಗೇ ಬಂದಂತೆ ಕೂತವು. ಗಂಟು ಹಾಕಿ, ಮೊದಲು ನನ್ನನ್ನು ಕಟ್ಟಿಕೊಂಡು, ಹಗ್ಗದ ತುದಿ ಕೆಳಗೆಸೆದೆ. ನಡುವೆ ಬಂಡೆ ಉಬ್ಬಿದ್ದರಿಂದ ಬಾವ ಕಾಣುತ್ತಿರಲಿಲ್ಲ. ಜೋರು ಗಾಳಿಯಿತ್ತು. ಅಥವಾ ಮಾತು ಕೇಳಿಸದ್ದಕ್ಕೆ ಕಾರಣ ಬೇಕೆಂದು ಗಾಳಿಯನ್ನು ಆಮೇಲೆ ಸೇರಿಸಿಕೊಂಡೆನೋ.

ಬಾವ ತುದಿ ಕಟ್ಟಿಕೊಳ್ಳಲೆಂದು ಕಾದು, ಉಳಿದ ಹಗ್ಗವನ್ನು ಮೇಲೆಳೆದು ಕಾಲ ಬಳಿ ಹಾಕಿಕೊಂಡೆ; ಅದು ಬಿಗಿಯಾಯಿತು. ಸ್ವಲ್ಪ ಹೊತ್ತಿಗೆ ಸಡಿಲವಾಯಿತು. ಎಳೆದುಕೊಂಡೆ. ಬಾವ ಹೊರಟಾಯಿತು! ಒಂದು ಮೊಳ, ನಿಲುಗಡೆ, ಮತ್ತೆರಡು ಮೊಳ. ಮನುಷ್ಯ ಯೋಚಿಸಿ ಯೋಚಿಸಿ ಹತ್ತುವ ಲಯ ಅದು. ಎಳೆದ ಹಗ್ಗ ಕಾಲ ಬಳಿ ಸಿಂಬಿಯಾಗುತ್ತಿತ್ತು. ಇದ್ದಕ್ಕಿದ್ದಂತೆ ಭಾರ ಬಿತ್ತು. ದಾರ ಜಗ್ಗಿತು, ಬೆಣೆಗಳು ಕಿರುಗುಟ್ಟಿದವು, ಆಂಕರ್ ನಿಂತಿತು! "ಇಡ್ದೆ ಬಾವಾ, ಇಡ್ದೆ!" ಎಂದು ಹುಚ್ಚನಂತೆ ಕೂಗಿದೆ. ತೂಗಾಡುತ್ತಿದ್ದ ಭಾರ ಮೆಲ್ಲಗೆ ಹಗುರಾಯಿತು, ಬಿದ್ದವರು ಮತ್ತೆ ಬಂಡೆ ಹಿಡಿದುಕೊಂಡಂತೆ. ಹಗ್ಗ ಪುನಃ ಬರತೊಡಗಿತು.

ಆಗಲೇ ಕೆಳಗಿನಿಂದ, ತೀರಾ ಕೆಳಗಿನಿಂದ, ಬಾವನ ದನಿ: "ಲೇ, ತೂಂಗುರಿಯಾಡಾ? ನಿದ್ದೆ ಒಡೀತಾ ಇದ್ದೀಯೇನ್ಲಾ? ಆವಾಗಿಂದ ಕೂಗ್ತಾವ್ನಿ, ಅತ್ಲಾ ಬ್ಯಾಡ್ವಾ? ಅಗ್ಗ ಬಿಗಿಯಾಗೇ ಐತೆ, ಒಂದು ಗೇಣೂ ಎಳೆದಿಲ್ಲ ನೀನು!"

ಎಳೆದು ನೋಡಿದೆ. ನಿಜ, ಬಿಗಿಯಾಗಿತ್ತು. ಸಿಂಬಿ ಕಾಲ ಬಳಿಯೇ ಇತ್ತು. ಅದು ಮೊದಲಿನಷ್ಟೇ ಇತ್ತೋ ಹೆಚ್ಚಿತ್ತೋ, ಪ್ರಮಾಣ ಮಾಡಲಾರೆ. ಆದರೆ ಅಂಗೈ ಉರಿಯುತ್ತಿತ್ತು. ನಂಬಿ ಬಾ ಎನ್ನಲೇ, ಬೇಡ ಎನ್ನಲೇ? ಮೂರು ಬೆಣೆಗಳನ್ನೂ ಮತ್ತೆ ಮುಟ್ಟಿ ನೋಡಿ, "ಬಾ ಬಾವಾ" ಎಂದೆ.

ಬಾವ ಒಮ್ಮೆಯೂ ಜಾರದೆ ಬಂದರು. ಗಂಟು ನೋಡಿ ಬೆನ್ನು ತಟ್ಟಿದರು. ಆಮೇಲೆ ಬಿಚ್ಚಲು ಕೂತರು. ಕೈಯಲ್ಲಿ ಜಗ್ಗಿ ಕೂರಿಸಿದ ಬೆಣೆ ಸ್ವಲ್ಪ ಅಲುಗಿಸಿದರೆ ಹೊರಬರಬೇಕು. ಇವು ಬರಲಿಲ್ಲ. ಎರಡನ್ನು ಕಲ್ಲಿನಿಂದ ಹೊಡೆದು ಬಿಡಿಸಿದೆವು. ಮೂರನೆಯದು ಕದಲಲೇ ಇಲ್ಲ. ಬಾವ ಬೆವರೊರೆಸಿಕೊಂಡು ನನ್ನ ಮುಖ ನೋಡಿದರು.

"ಯಾರಾನ ಬಿದ್ರೇನೇ ಇಂಗೆ ಕಚ್ಕೊಳ್ಳೋದು. ಯಾರ್ಲಾ ಬಿದ್ದಿದ್ದು?"

ಎಲ್ಲ ಹೇಳಿದೆ. ಬಿಸಿಲು ತಲೆಗೇರಿದೆ ಎಂದು ನಕ್ಕರು. ಈಗಲೂ ಹಾಗೇ ಅನ್ನುತ್ತಾರೆ, ಆದರೆ ಆ ಬಂಡೆಗೆ ಮತ್ತೆ ಹೋಗೋಣವೆಂದರೆ ಮಾತು ಬದಲಿಸುತ್ತಾರೆ.

ಆಮೇಲೆ ಎಷ್ಟೋ ಆಂಕರ್ ಕಟ್ಟಿದ್ದೇನೆ. ಎಲ್ಲವೂ ಗಟ್ಟಿ ಎಂದು ನಂಬಿದ್ದೇನೆ. ಗಟ್ಟಿ ಎಂದು ಗೊತ್ತಿರುವುದು ಅದೊಂದೇ. ಅಂದು ಅದರಲ್ಲಿ ಜೋತಾಡಿದವರು ಯಾರೇ ಇರಲಿ, ಬಿದ್ದ ಮೇಲೂ ಮತ್ತೆ ಹತ್ತತೊಡಗಿದ್ದರು, ಅಷ್ಟನ್ನು ಮಾತ್ರ ನನ್ನ ಕೈ ಬಲ್ಲದು. ಮೇಲೆ ಬಂದು ಮುಟ್ಟಿದರೋ ಇಲ್ಲವೋ, ತಿಳಿಯದು.